ತಾಲ್ಲೂಕು ಕೋರ್ಟಿನಿಂದ ನ್ಯಾಯಾಧೀಶರ ಪೀಠಕ್ಕೆ: ವಕೀಲಿಕೆ ಬಿಡಬೇಕೆ?

ಪ್ರಶ್ನೆ: ಚಿತ್ತಾಪುರ ಕೋರ್ಟಿನಲ್ಲಿ ಎರಡು ವರ್ಷದಿಂದ ಹಿರಿಯ ವಕೀಲರೊಬ್ಬರ ಬಳಿ ಜೂನಿಯರ್ ಆಗಿದ್ದೇನೆ. ವಯಸ್ಸು 27. ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಬರೆಯುವ ಆಸೆ. ಪ್ರಾಕ್ಟೀಸ್ ಬಿಟ್ಟು ಬೆಂಗಳೂರಿಗೆ ಹೋಗಿ ಕೋಚಿಂಗ್ ಸೇರಲೇ? ಆಯ್ಕೆಯಾದರೆ ಕಲಬುರಗಿ ಜಿಲ್ಲೆಯಲ್ಲೇ ಕೆಲಸ ಸಿಗುತ್ತದೆಯೇ?

ಉತ್ತರ: ಈಗ ಬಿಡಬೇಡಿ. ಸಿವಿಲ್ ನ್ಯಾಯಾಧೀಶ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿಕೆ ಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿದೆ. 2002ರಲ್ಲಿ ಕೈಬಿಟ್ಟಿದ್ದ ಷರತ್ತು ಹೀಗೆ ಮರಳಿ ಬಂದಿದೆ. ವರ್ಷದ ಲೆಕ್ಕ ಹಿಡಿಯುವುದು ವಕೀಲರ ಪರಿಷತ್ತಿನಲ್ಲಿ ತಾತ್ಕಾಲಿಕ ನೋಂದಣಿಯಾದ ದಿನದಿಂದ. ನೇಮಕಾತಿ ನಡೆಸುವುದು ಹೈಕೋರ್ಟ್. ಅರ್ಜಿ ಹಾಕುವಾಗ ಅದರ ಅಧಿಸೂಚನೆಯಲ್ಲಿ ಏನಿದೆಯೋ ಅದೇ ಅಂತಿಮ.

ಆ ಮೂರು ವರ್ಷಕ್ಕೆ ಪ್ರಮಾಣಪತ್ರ ಬೇಕು. ಅದನ್ನು ನಿಮ್ಮ ಕೋರ್ಟಿನ ಪ್ರಧಾನ ನ್ಯಾಯಾಧೀಶರು ಕೊಡಬಹುದು. ಇಲ್ಲವೇ ಕನಿಷ್ಠ 10 ವರ್ಷ ಅನುಭವವಿರುವ ವಕೀಲರು ಕೊಟ್ಟು, ಪ್ರಧಾನ ನ್ಯಾಯಾಧೀಶರು ದೃಢೀಕರಿಸಬೇಕು. ಎಷ್ಟೋ ಜೂನಿಯರ್‌ಗಳು ಎಡವುವುದು ಇಲ್ಲೇ. ದಿನವೂ ಕೋರ್ಟಿಗೆ ಬರುತ್ತಾರೆ, ತಾರೀಖು ಬರೆದುಕೊಳ್ಳುತ್ತಾರೆ, ಆದರೆ ವಕಾಲತ್ತಿನಲ್ಲಿ, ಅಂದರೆ ಕಕ್ಷಿದಾರ ವಕೀಲರನ್ನು ನೇಮಿಸಿಕೊಡುವ ಪತ್ರದಲ್ಲಿ, ಅವರ ಹೆಸರೇ ಇರುವುದಿಲ್ಲ. ಇವತ್ತಿನಿಂದಲೇ ಹಿರಿಯರ ಜೊತೆ ನೀವೂ ವಕಾಲತ್ತಿಗೆ ಸಹಿ ಹಾಕಿ. ಪ್ರಕರಣದ ಸಂಖ್ಯೆ, ತಾರೀಖು, ಅವತ್ತು ನೀವು ಮಾಡಿದ ಕೆಲಸ, ಇವನ್ನು ಡೈರಿಯಲ್ಲಿ ಬರೆದಿಡಿ.

ಪೂರ್ವಭಾವಿ ಪರೀಕ್ಷೆ 100 ಅಂಕದ ವಸ್ತುನಿಷ್ಠ ಪತ್ರಿಕೆ. ಅದರ ಅಂಕ ಅಂತಿಮ ಪಟ್ಟಿಗೆ ಸೇರುವುದಿಲ್ಲ. ಮುಖ್ಯ ಪರೀಕ್ಷೆಗೆ ತಲಾ 100 ಅಂಕದ ನಾಲ್ಕು ಪತ್ರಿಕೆಗಳಿವೆ: ಭಾಷಾಂತರ, ಸಿವಿಲ್, ಕ್ರಿಮಿನಲ್, ತೀರ್ಪು ಬರವಣಿಗೆ. ಆಮೇಲೆ ಸಂದರ್ಶನ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆಗಳ ಬದಲು ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿವೆ. ಹಳೆಯ ಕಲಮುಗಳನ್ನೇ ಬಾಯಿಪಾಠ ಮಾಡಿಕೊಂಡವರು ಎರಡನ್ನೂ ಎದುರುಬದುರು ಇಟ್ಟು ಓದಬೇಕು.

ಭಾಷಾಂತರ ಸುಲಭವೆಂದು ಬಿಟ್ಟುಬಿಡುತ್ತಾರೆ, ಅದೇ ಮುಳುಗಿಸುತ್ತದೆ. ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ವಕೀಲರು ಪ್ರಶ್ನಿಸುವಾಗ, ಸಾಕ್ಷಿ ‘ದಾವಾ ಹೊಲ ನನ್ನ ಕಬ್ಜಾದಲ್ಲಿ ಇಲ್ಲ ಅಂದರೆ ಸರಿಯಲ್ಲ’ ಎನ್ನುತ್ತಾನೆ. ಇಂಗ್ಲಿಷಿಗೆ ತರುವಾಗ ಎರಡು ನಕಾರಗಳಲ್ಲಿ ಒಂದು ಬಿಟ್ಟುಹೋದರೂ ಸಾಕು, ನಿರಾಕರಣೆ ಒಪ್ಪಿಗೆಯಾಗಿಬಿಡುತ್ತದೆ. ನಿಮ್ಮ ಕೋರ್ಟಿನ ಸಾಕ್ಷ್ಯದ ಪ್ರತಿಗಳನ್ನೇ ಇಟ್ಟುಕೊಂಡು ದಿನಕ್ಕೊಂದು ಪುಟ ಭಾಷಾಂತರಿಸಿ. ಯಾವ ಗೈಡಿನಲ್ಲೂ ಸಿಗದ ಅಭ್ಯಾಸ ಇದು.

ತೀರ್ಪು ಬರವಣಿಗೆಗೂ ಹಾಗೆಯೇ. ಹೊಲಕ್ಕೆ ಪ್ರತಿವಾದಿ ಅಡ್ಡಿ ಮಾಡದಂತೆ ತಡೆಯಿರಿ ಎಂದು ಕೇಳುವ ಶಾಶ್ವತ ನಿರ್ಬಂಧಕಾಜ್ಞೆಯ ದಾವೆ ಎಂದುಕೊಳ್ಳಿ. ದಾವೆ ಹಾಕಿದ ದಿನ ವಾದಿ ಕಾನೂನುಬದ್ಧ ಕಬ್ಜಾದಲ್ಲಿದ್ದನೇ? ಪ್ರತಿವಾದಿಯ ಅಡ್ಡಿ ಸಾಬೀತಾಗಿದೆಯೇ? ಕೋರ್ಟು ತೀರ್ಮಾನಿಸಬೇಕಾದ ವಿವಾದಾಂಶಗಳು ಇವು. ಪಹಣಿ ನಮೂದು ಸುಳ್ಳೆಂದು ತೋರಿಸುವವರೆಗೆ ಅದನ್ನು ನಿಜವೆಂದೇ ಭಾವಿಸಬೇಕು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 133ನೇ ಕಲಮು. ಹಾಗಂತ ಪಹಣಿಯೇ ಹಕ್ಕುಪತ್ರವಲ್ಲ. ಬಹಳ ಮಂದಿ ಇಬ್ಬರ ವಾದವನ್ನೂ ಮೂರು ಪುಟ ಬರೆದು, ಕಾರಣ ಕೊಡುವಷ್ಟರಲ್ಲಿ ಸಮಯ ಕಳೆದುಕೊಳ್ಳುತ್ತಾರೆ. ಪ್ರತಿ ವಿವಾದಾಂಶಕ್ಕೂ ತೀರ್ಮಾನ, ಅದಕ್ಕೆ ಕಾರಣ, ಕೊನೆಗೆ ಖರ್ಚು ಸಮೇತ ಆದೇಶ ಇರಲೇಬೇಕು.

ಸಾಮಾನ್ಯ ವರ್ಗದ ವಯೋಮಿತಿ 35, ಹಾಗಾಗಿ ನಿಮಗೆ ಅವಸರವಿಲ್ಲ. ಬೆಳಿಗ್ಗೆ ಎರಡು ಗಂಟೆ ಕಾಯ್ದೆಯ ಮೂಲಪಾಠ ಓದಿ, ಸಂಜೆ ಒಂದು ಗಂಟೆ ಬರೆಯಿರಿ. ಕೋಚಿಂಗ್ ಬೇಕೆನಿಸಿದರೆ ಮೂರು ವರ್ಷ ತುಂಬಿದ ಮೇಲೆ ನೋಡೋಣ.

ಇನ್ನು ಊರಿನ ಮಾತು. ಇದು ಇಡೀ ರಾಜ್ಯಕ್ಕೆ ಸೇರಿದ ಸೇವೆ. ತರಬೇತಿಯ ನಂತರ ಹೈಕೋರ್ಟ್ ಎಲ್ಲಿಗೆ ಹಾಕುತ್ತದೋ ಅಲ್ಲಿಗೆ ಹೋಗಬೇಕು, ವರ್ಗಾವಣೆಯೂ ಇರುತ್ತದೆ. ವಕೀಲಿಕೆ ಮಾಡಿದ ಕೋರ್ಟಿಗೇ ನ್ಯಾಯಾಧೀಶರಾಗಿ ಹಾಕುವುದು ಸಾಮಾನ್ಯವಾಗಿ ಇಲ್ಲ. ನಿನ್ನೆಯ ಕಕ್ಷಿದಾರ ಇವತ್ತು ನಿಮ್ಮ ಮುಂದೆ ನಿಂತರೆ ಎದುರು ಪಕ್ಷದವನಿಗೆ ನಂಬಿಕೆ ಬರುವುದು ಹೇಗೆ? ಚಿತ್ತಾಪುರ ಬಿಡಲು ಮನೆಯವರನ್ನು ಈಗಲೇ ಒಪ್ಪಿಸಿಕೊಳ್ಳಿ.