ನಿಮ್ಮ ಮನೆಯ ಅಪ್ರೈಸಲ್ ಕಡಿಮೆ ಬಂದಿರುವುದರ ಬಗ್ಗೆ

ರೀಫೈನಾನ್ಸ್‌ಗಾಗಿ, ಅಂದರೆ ಹಳೆಯ ಗೃಹಸಾಲದ ಬದಲು ಹೊಸದನ್ನು ಪಡೆಯಲು, ನಡೆದ ಅಪ್ರೈಸಲ್‌ನಲ್ಲಿ (ಮನೆಯ ಬೆಲೆ ಅಂದಾಜಿನಲ್ಲಿ) ನ್ಯೂಜೆರ್ಸಿಯ ನಿಮ್ಮ ಮನೆಗೆ ಅದೇ ಬೀದಿಯ ಅದೇ ಅಳತೆಯ ಮನೆಗಿಂತ ತೀರ ಕಡಿಮೆ ಬೆಲೆ ಕಟ್ಟಿರುವುದಕ್ಕೆ, ಬಹುಮಟ್ಟಿಗೆ ಹೋಲಿಕೆಗೆ ಆರಿಸಿಕೊಂಡ ಮನೆಗಳೇ ಕಾರಣವಿರಬೇಕು. ಜನಾಂಗೀಯ ಪಕ್ಷಪಾತವೂ ಹಲವು ಬಾರಿ ಈ ಆಯ್ಕೆಯ ಮೂಲಕವೇ ಒಳಸೇರುತ್ತದೆ: ಹತ್ತಿರದ ಮಾರಾಟಗಳನ್ನು ಬಿಟ್ಟು, ಕರಿಯರೋ ವಲಸಿಗರೋ ಹೆಚ್ಚಾಗಿರುವ ದೂರದ ಬಡಾವಣೆಯ ಮಾರಾಟಗಳನ್ನು ತೆಗೆದುಕೊಳ್ಳಲಾಗುತ್ತದೆ. ನಿಮ್ಮ ವಿಷಯದಲ್ಲಿ ಆದದ್ದು ಪಕ್ಷಪಾತವೋ ಅಜಾಗರೂಕತೆಯೋ ಎಂದು ವರದಿಯನ್ನು ನೋಡದೆ ಹೇಳಲಾಗದು.

ಮೊದಲು ಸಾಲ ಕೊಡುವ ಸಂಸ್ಥೆಯಿಂದ ವರದಿಯ ಪ್ರತಿಯನ್ನು ಪಡೆಯಿರಿ. ಫೆಡರಲ್ ಕಾನೂನಿನಂತೆ ಅದು ನಿಮ್ಮ ಹಕ್ಕು. ಚದರಡಿ, ಕೋಣೆಗಳ ಸಂಖ್ಯೆ, ಹೋಲಿಕೆಯ ಮನೆಗಳ ವಿಳಾಸ, ಮಾರಾಟದ ದಿನಾಂಕ ಇವನ್ನೆಲ್ಲ ಒಂದೊಂದಾಗಿ ತಾಳೆ ನೋಡಿ. ನಮ್ಮ ಮನೆಯ ವರದಿಯಲ್ಲಿ ಎರಡನೆಯ ಬಾತ್‌ರೂಮ್ ಬಿಟ್ಟುಹೋಗಿತ್ತು, ಹೋಲಿಕೆಯ ಮನೆಗಳೆಲ್ಲ ಹೆದ್ದಾರಿಯಾಚೆಯವಾಗಿದ್ದವು.

ಅನಂತರ ಸಾಲದ ಕ್ಲೋಸಿಂಗ್‌ಗೆ (ಅಂತಿಮ ಸಹಿಗೆ) ಮುಂಚೆಯೇ, ಅಪ್ರೈಸರ್‌ಗೆ ನೇರವಾಗಿ ಕರೆ ಮಾಡದೆ, ಸಾಲ ಕೊಡುವ ಸಂಸ್ಥೆಗೆ 'ರಿಕನ್ಸಿಡರೇಶನ್ ಆಫ್ ವ್ಯಾಲ್ಯೂ' (ಬೆಲೆಯ ಮರುಪರಿಶೀಲನೆ) ಕೋರಿ ಲಿಖಿತ ಮನವಿ ಸಲ್ಲಿಸಿ, ತಪ್ಪುಗಳನ್ನೂ ಸಮೀಪದ ಇತ್ತೀಚಿನ ಮಾರಾಟಗಳ ವಿವರವನ್ನೂ ಲಗತ್ತಿಸಿ. ಪಕ್ಷಪಾತದ ಸಂಶಯವಿದ್ದರೆ ಅದನ್ನು ಸ್ಪಷ್ಟವಾಗಿ ಬರೆದು ಎರಡನೆಯ ಅಪ್ರೈಸಲ್ ಕೇಳಿ. ಮನೆ ಯಾರದೆಂದು ತಿಳಿಯದಂತೆ ದೇವರ ಪಟ, ಮಕ್ಕಳ ಫೋಟೋ ತೆಗೆದಿಟ್ಟು ಅಪ್ರೈಸರ್‌ನ್ನು ಮತ್ತೆ ಕರೆಸಿ ಎಂದು ಕೆಲವರು ಹೇಳುತ್ತಾರೆ. ನಿಮ್ಮ ಮನೆಯಲ್ಲಿ ನೀವೇ ಮರೆಯಾಗಬೇಕಾದ ಅಗತ್ಯವಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ವಸತಿಯಲ್ಲಿ ತಾರತಮ್ಯ ತಡೆಯುವ 1968ರ ಫೇರ್ ಹೌಸಿಂಗ್ ಕಾಯ್ದೆ ಮೈಬಣ್ಣ ಮತ್ತು ಮೂಲ ದೇಶದ ಆಧಾರದ ತಾರತಮ್ಯವನ್ನೂ ನಿಷೇಧಿಸುವುದರಿಂದ ಭಾರತೀಯರಿಗೂ ಅದರ ರಕ್ಷಣೆಯಿದೆ. ಮನವಿಗೆ ಸರಿಯಾದ ಉತ್ತರ ಬಾರದಿದ್ದರೆ, ಘಟನೆ ನಡೆದ 1 ವರ್ಷದೊಳಗೆ ಫೆಡರಲ್ ವಸತಿ ಇಲಾಖೆಯಾದ ಹಡ್‌ಗೆ ಆನ್‌ಲೈನ್‌ನಲ್ಲೇ ಉಚಿತವಾಗಿ ದೂರು ನೀಡಬಹುದು. ವರದಿಯನ್ನೂ ಎಲ್ಲ ಇಮೇಲ್‌ಗಳನ್ನೂ ಅದರ ಜೊತೆಗಿಡಿ.