ಮನೆಯಲ್ಲಿ ವಿಡಿಯೊ ಎಡಿಟ್ ಮಾಡಲು ಹಳೆಯ ಕಂಪ್ಯೂಟರ್ ಬದಲು ಎಂಥದ್ದು ತೆಗೆದುಕೊಳ್ಳಲಿ?

ಮೊದಲು ನಿಮ್ಮ ಫೋನ್ ಯಾವ ಫಾರ್ಮ್ಯಾಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ ನೋಡಿ. ಈಗಿನ 4ಕೆ ವಿಡಿಯೊ ಹೆಚ್ಚಾಗಿ ಎಚ್.265 ಎಂಬ, ವಿಡಿಯೊವನ್ನು ಒತ್ತಿ ಚಿಕ್ಕದಾಗಿಸುವ ಫಾರ್ಮ್ಯಾಟ್‌ನಲ್ಲಿರುತ್ತದೆ. ಫೈಲ್ ಚಿಕ್ಕದು, ಆದರೆ ಅದನ್ನು ಬಿಡಿಸಿ ತೋರಿಸಲು ಕಂಪ್ಯೂಟರ್‌ಗೆ ಕೆಲಸ ಜಾಸ್ತಿ. ಎಡಿಟ್ ಮಾಡುವಾಗ ಟೈಮ್‌ಲೈನ್ (ಕ್ಲಿಪ್‌ಗಳನ್ನು ಜೋಡಿಸುವ ಪಟ್ಟಿ) ತಡವರಿಸುವುದು ಬಹುತೇಕ ಇದರಿಂದಲೇ. ಹಾಗಾಗಿ ಸುಮ್ನೆ ಪ್ರೊಸೆಸರ್‌ನ ಕೋರ್‌ಗಳನ್ನು ಎಣಿಸಬೇಡಿ, ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ವಿಡಿಯೊ ಬಿಡಿಸಲೆಂದೇ ಚಿಪ್‌ನಲ್ಲಿ ಪ್ರತ್ಯೇಕ ಭಾಗ, ಇದೆಯಾ ನೋಡಿ. ಇಂಟೆಲ್‌ನಲ್ಲಿ ಇದಕ್ಕೆ ಕ್ವಿಕ್ ಸಿಂಕ್ ಇದೆ. ಡೆಸ್ಕ್‌ಟಾಪ್ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದು ಇರುವುದಿಲ್ಲ, ಹುಷಾರು. ಆಪಲ್‌ನ ಎಂ ಸರಣಿಯ ಚಿಪ್‌ಗಳೂ ಎಚ್.265ಗೆ ಒಳ್ಳೆಯವು. ಆದರೆ ಅವುಗಳಲ್ಲಿ ರ‍್ಯಾಮ್ ಆಮೇಲೆ ಸೇರಿಸಲು ಆಗಲ್ಲ.

ರ‍್ಯಾಮ್ 16 ಜಿಬಿ ಬೇಕೇ ಬೇಕು, 4ಕೆಗೆ 32 ಇದ್ದರೆ ನಿರಾಳ. ಫೈಲ್ ಇಡಲು ವೇಗದ ಡ್ರೈವ್ ಆದ ಎಸ್‌ಎಸ್‌ಡಿ ಅಂತೂ ಇರಲೇಬೇಕು.

ಅಂದಹಾಗೆ, ಕೊಳ್ಳುವ ಮುಂಚೆ ಹಳೆಯದರಲ್ಲೇ ಪ್ರಾಕ್ಸಿ ಫೈಲ್ (ಎಡಿಟ್ ಮಾಡುವಾಗಷ್ಟೇ ಬಳಸುವ, ಕಡಿಮೆ ಗುಣಮಟ್ಟದ ಹಗುರ ಪ್ರತಿ) ಮಾಡಿಕೊಂಡು ಎಡಿಟ್ ಮಾಡಿ ನೋಡಿ. ಕೆಲವರಿಗೆ ಅಷ್ಟೇ ಸಾಕಾಗುತ್ತದೆ.