ಬಾಯಲ್ಲಿ ಎಲ್ಲ ಹೇಳುವ ಮಗಳು ಪರೀಕ್ಷೆಯಲ್ಲಿ ಹಾಳೆ ಖಾಲಿ ಬಿಡುತ್ತಾಳೆ. ಎಸ್ಸೆಸ್ಸೆಲ್ಸಿಗೆ ಬೇರೆ ದಾರಿ ಇದೆಯೇ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗಳು ಒಂಬತ್ತನೇ ತರಗತಿ. ಮನೆಯಲ್ಲಿ ಕೇಳಿದರೆ ಪಾಠ ಪೂರ್ತಿ ಹೇಳುತ್ತಾಳೆ, ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಖಾಲಿ ಬಿಟ್ಟು ಎದ್ದು ಬರುತ್ತಾಳೆ. ಮೂರು ಗಂಟೆ ಕೂತು ಬರೆಯುವ ಈ ಪರೀಕ್ಷೆಗೆ ಬದಲಿ ಏನಾದರೂ ಇದೆಯೇ, ಅದನ್ನು ಹಿಡಿದರೆ ಮುಂದೆ ಪಿಯುಸಿಗೆ ಸೇರಿಸಿಕೊಳ್ಳುತ್ತಾರೆಯೇ ಅಂತ ಕೇಳಿದ್ದೀರಿ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರು, ಇಪ್ಪತ್ತೊಂದು ವರ್ಷದಿಂದ. ದಾರಿಗಳಿವೆ. ಆದರೆ ಯಾವ ದಾರಿ ಅನ್ನುವುದು ಅವಳು ಹಾಳೆ ಖಾಲಿ ಬಿಡುವುದು ಯಾಕೆ ಅನ್ನುವುದರ ಮೇಲೆ ನಿಂತಿದೆ. ಅದನ್ನು ತಿಳಿಯದೆ ಬೋರ್ಡು ಬದಲಾಯಿಸಿದರೆ, ಚಪ್ಪಲಿ ಕಚ್ಚುತ್ತದೆ ಅಂತ ರಸ್ತೆ ಬದಲಾಯಿಸಿದ ಹಾಗಾಗುತ್ತದೆ.

ಮೊದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಸಮಾಜ ವಿಜ್ಞಾನದ ಹಳೆಯ ಪ್ರಶ್ನೆಪತ್ರಿಕೆ ಒಂದನ್ನು ತೆಗೆದುಕೊಳ್ಳಿ. ನೀವು ಪ್ರಶ್ನೆ ಓದಿ, ಅವಳು ಬಾಯಲ್ಲಿ ಉತ್ತರ ಹೇಳಲಿ, ಹೇಳಿದ್ದನ್ನು ಹೇಳಿದ ಹಾಗೇ ನೀವು ಬರೆದುಕೊಳ್ಳಿ. ತಿದ್ದಬೇಡಿ, ಸುಳಿವು ಕೊಡಬೇಡಿ. ಮುಂದಿನ ಭಾನುವಾರ ಅಂಥದ್ದೇ ಇನ್ನೊಂದು ಪತ್ರಿಕೆಯನ್ನು ಅವಳೇ ಬರೆಯಲಿ, ಗಡಿಯಾರ ಇಲ್ಲದೆ. ಅದರ ಮುಂದಿನ ವಾರ ಗಡಿಯಾರ ಇಟ್ಟು. ಮೂರನ್ನೂ ಪಕ್ಕಪಕ್ಕ ಹರವಿ ನೋಡಿ. ಗಡಿಯಾರ ಇಲ್ಲದಾಗ ಚೆನ್ನಾಗಿ ಬರೆದಿದ್ದರೆ ತೊಂದರೆ ಭಯದ್ದು, ಸಮಯದ್ದು. ಬಾಯಲ್ಲಿ ಚೆನ್ನಾಗಿದ್ದು ಬರವಣಿಗೆ ಎರಡು ಸಲವೂ ಕೆಟ್ಟಿದ್ದರೆ ತೊಂದರೆ ಓದು-ಬರಹದ್ದೇ. ಮೂರೂ ಕೆಟ್ಟಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ಅವಳಿಗೆ ಪಾಠ ಬರುತ್ತಿಲ್ಲ. ಮನೆಯಲ್ಲಿ ಕೇಳುವಾಗ ನಮಗೇ ಗೊತ್ತಿಲ್ಲದಂತೆ ಅರ್ಧ ಉತ್ತರ ನಾವೇ ಹೇಳಿರುತ್ತೇವೆ. ನನ್ನ ಮಗನ ವಿಷಯದಲ್ಲಿ ನಾನೂ ಹಾಗೇ ಮೋಸ ಹೋದವನು.

ಓದು-ಬರಹದ ತೊಂದರೆಯಾದರೆ ಬೋರ್ಡು ಬದಲಿಸುವ ಅಗತ್ಯವೇ ಬರುವುದಿಲ್ಲ. ನಮ್ಮ ಶಾಲೆಯಲ್ಲಿ ಒಬ್ಬಳಿದ್ದಳು. 'ಪ್ರಶ್ನೆ' ಅಂತ ಬರೆಯಲು ಹೇಳಿದರೆ 'ಪಶನೆ' ಅಂತ ಬರೆಯುತ್ತಿದ್ದಳು. ಒತ್ತಕ್ಷರ ಕಂಡರೆ ಅವಳ ಕಣ್ಣು ಅದನ್ನು ದಾಟಿ ಮುಂದಕ್ಕೆ ಹೋಗುತ್ತಿತ್ತು. ಪ್ರಾಥಮಿಕ ಶಾಲೆಯಿಂದ ನಮ್ಮ ತನಕ ಎಲ್ಲರೂ ಸೋಮಾರಿ ಅಂದವರೇ, ನಾನೂ ಸೇರಿ. ಒಬ್ಬರು ಹಿಂದಿ ಮೇಡಂ ಮಾತ್ರ ಹಟ ಹಿಡಿದು ಅವಳ ತಂದೆಯನ್ನು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕಳಿಸಿದರು. ಕಲಿಕಾ ನ್ಯೂನತೆ ಅಂತ ಬರೆದುಕೊಟ್ಟರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ. ನಿಗದಿತ ಪ್ರಮಾಣ ಅಂದರೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದು ಪ್ರಮಾಣಪತ್ರ ಇದ್ದರೆ ಗಂಟೆಗೆ 20 ನಿಮಿಷದಂತೆ ಹೆಚ್ಚುವರಿ ಸಮಯ ಸಿಗುತ್ತದೆ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ. ಬರೆಯಲು ಸಹಾಯಕರನ್ನೂ ಕೊಡುತ್ತಾರೆ.

ಇನ್ನೊಂದು ಸಂಗತಿ ಕಣ್ಣೆದುರೇ ಇದ್ದರೂ ಯಾರೂ ಗಮನಿಸುವುದಿಲ್ಲ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಪೇಪರಿನಲ್ಲಿ ಬಂದಾಗ ಗಣಿತದ ಪಕ್ಕ 'ಸಮಾಜಶಾಸ್ತ್ರ' ಅಂತ, ವಿಜ್ಞಾನದ ಪಕ್ಕ 'ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ' ಅಂತ ಇರುತ್ತದೆ, ನೋಡಿದ್ದೀರಾ? ಅವು ಇಂಥ ಮಕ್ಕಳಿಗೆ ಇರುವ ಬದಲಿ ವಿಷಯಗಳು. ನಮ್ಮ ಹುಡುಗಿ ಗಣಿತದ ಬದಲು ಸಮಾಜಶಾಸ್ತ್ರ ಬರೆದಳು. ಗಣಿತದ ಮೇಷ್ಟ್ರಾಗಿ ನನಗೆ ಒಳಗೊಳಗೇ ಚುಚ್ಚಿದ್ದು ನಿಜ. ಆದರೆ ಪಾಸಾದಳಲ್ಲ.

ಭಯ ಮತ್ತು ಸಮಯದ್ದೇ ತೊಂದರೆಯಾದರೆ ಈಗಿನ ಮೂರು ಪರೀಕ್ಷೆಗಳ ವ್ಯವಸ್ಥೆ ಸಾಕು. 2023–24ನೇ ಸಾಲಿನಿಂದ ಮುಖ್ಯ ಪರೀಕ್ಷೆ, ಸಪ್ಲಿಮೆಂಟರಿ ಅನ್ನುವುದು ಹೋಗಿ ಪರೀಕ್ಷೆ-1, 2, 3 ಬಂದಿದೆ. ಫೇಲಾದವರಷ್ಟೇ ಅಲ್ಲ, ಪಾಸಾಗಿ ಅಂಕ ಸಾಲದು ಅನಿಸಿದವರೂ ಮತ್ತೆ ಬರೆಯಬಹುದು. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದೇ ಉಳಿಯುತ್ತದೆ. 'ಸಪ್ಲಿ ಕಟ್ಟಿದವಳು' ಅನ್ನುವ ಮಾತು ಊರಲ್ಲಿ ಕಡಿಮೆಯಾಗಿದ್ದೇ ದೊಡ್ಡ ಲಾಭ ಅಂತ ನನ್ನ ಲೆಕ್ಕ. ಮಗಳಿಗೆ ಈಗಲೇ ಹೇಳಿಬಿಡಿ: ಮಾರ್ಚಿನಲ್ಲಿ ಮೂರು ವಿಷಯಕ್ಕೆ ಪೂರ್ತಿ ತಯಾರಾಗು, ಉಳಿದ ಮೂರು ಬಂದರೆ ಬರಲಿ, ಇಲ್ಲದಿದ್ದರೆ ಎರಡನೆಯದರಲ್ಲಿ ಬರೆದರಾಯಿತು. ಈ ಒಂದು ಮಾತಿಗೇ ಅರ್ಧ ನಡುಕ ನಿಂತುಹೋದ ಮಕ್ಕಳನ್ನು ಕಂಡಿದ್ದೇನೆ. ಮೂರನೆಯದರ ತನಕ ಎಳೆಯಬೇಡಿ, ಅಷ್ಟರಲ್ಲಿ ಕಾಲೇಜಿನಲ್ಲಿ ಪಾಠ ಶುರುವಾಗಿರುತ್ತದೆ. (2025–26ರಿಂದ ಪಾಸಿನ ಗೆರೆಯನ್ನೂ ಇಳಿಸಿದ್ದಾರೆ: ಒಟ್ಟು ಶೇ. 33, ಅಂದರೆ 625ಕ್ಕೆ 206, ಪ್ರತಿ ವಿಷಯಕ್ಕೆ ಕನಿಷ್ಠ ಶೇ. 30. ಗೆರೆ ಕೆಳಗಿಳಿಸಿದರೆ ಪರೀಕ್ಷೆಯ ರೀತಿಯೇನೂ ಬದಲಾಗುವುದಿಲ್ಲ, ಆ ಮಾತು ಬೇರೆ.)

ಶಾಲೆಯೇ ಅವಳಿಗೆ ಆಗಿಬರುತ್ತಿಲ್ಲ ಅಂದರೆ ಆಗ ಎನ್‌ಐಓಎಸ್, ರಾಷ್ಟ್ರೀಯ ಮುಕ್ತ ಶಾಲೆ. ಇದು ಕೇಂದ್ರ ಸರ್ಕಾರದ್ದೇ. 1979ರಲ್ಲಿ ಸಿಬಿಎಸ್‌ಇಯ ಒಂದು ಪ್ರಯೋಗವಾಗಿ ಶುರುವಾಗಿ 1989ರಲ್ಲಿ ಸ್ವತಂತ್ರ ಸಂಸ್ಥೆಯಾಯಿತು. ಹತ್ತನೇ ತರಗತಿಗೆ 14 ವರ್ಷ ತುಂಬಿದ್ದರೆ ಸಾಕು. ಐದು ವಿಷಯ ಪಾಸಾಗಬೇಕು, ಒಂದು ಭಾಷೆ ಇರಲೇಬೇಕು, ಉಳಿದದ್ದು ನಿಮ್ಮ ಆಯ್ಕೆ: ಗೃಹವಿಜ್ಞಾನ, ಚಿತ್ರಕಲೆ, ಮನೋವಿಜ್ಞಾನ, ಡೇಟಾ ಎಂಟ್ರಿ, ಏನು ಬೇಕಾದರೂ. ಭಾಷೆಯಾಗಿ ಕನ್ನಡವೂ ಇದೆ. ಒಮ್ಮೆ ಸೇರಿದರೆ ಐದು ವರ್ಷ ಗಡುವು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಒಂದು ಸಲಕ್ಕೆ ಒಂದೇ ವಿಷಯ ಬರೆದರೂ ನಡೆಯುತ್ತದೆ, ಪಾಸಾದದ್ದು ಪಾಸಾದಂತೆಯೇ. ಬೇಕಾದ ದಿನ ಆರಿಸಿಕೊಂಡು ಬರೆಯುವ ಆನ್-ಡಿಮಾಂಡ್ ಪರೀಕ್ಷೆ ಅನ್ನುವ ವ್ಯವಸ್ಥೆಯೂ ಇವರದ್ದೇ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ, ಅಲ್ಲಿ ನೇರವಾಗಿ ವಿಚಾರಿಸಿ. 'ಆರು ತಿಂಗಳಲ್ಲಿ ಟೆಂತ್ ಗ್ಯಾರಂಟಿ' ಅಂತ ಬಸ್‌ಸ್ಟ್ಯಾಂಡ್ ಗೋಡೆಗೆ ಅಂಟಿಸಿದವರ ಹತ್ತಿರ ಮಾತ್ರ ಹೋಗಬೇಡಿ. ನಮ್ಮೂರಿನ ಒಬ್ಬರು ಅಂಥವರಿಗೆ ದುಡ್ಡು ಕಟ್ಟಿ ಒಂದು ವರ್ಷ ಕಾದರು. ಆಮೇಲೆ ನೋಡಿದರೆ ಹುಡುಗನ ಹೆಸರು ಎಲ್ಲೂ ನೋಂದಣಿಯೇ ಆಗಿರಲಿಲ್ಲ.

ಪಿಯುಸಿಯ ಮಾತು: ಎನ್‌ಐಓಎಸ್ ಸರ್ಟಿಫಿಕೇಟಿಗೆ ಮಾನ್ಯತೆ ಇದೆ. ಹೊರಗಿನ ಬೋರ್ಡಾದ್ದರಿಂದ ಮೈಗ್ರೇಶನ್ ಸರ್ಟಿಫಿಕೇಟ್ ಕೇಳುತ್ತಾರೆ, ಅಷ್ಟೇ. ಆದರೆ ಗಣಿತ, ವಿಜ್ಞಾನ ಬಿಟ್ಟು ಹತ್ತನೇ ತರಗತಿ ಮುಗಿಸಿದರೆ ಸೈನ್ಸ್ ಕೇಳಲು ಹೋಗುವಂತಿಲ್ಲ. ನಮ್ಮ ಬೋರ್ಡಿನ ಸಮಾಜಶಾಸ್ತ್ರದ ದಾರಿಗೂ ಇದೇ ಮಾತು. ಹದಿನಾಲ್ಕು ವರ್ಷದ ಮಗುವಿನ ಪರವಾಗಿ ಈ ಬಾಗಿಲು ಮುಚ್ಚುವ ಮುಂಚೆ ಅವಳನ್ನೇ ಒಂದು ಮಾತು ಕೇಳಿ.

ನೀವು ಕೊನೆಯಲ್ಲಿ ಇನ್ನೊಂದು ಕೇಳಿದ್ದೀರಿ: ಪರೀಕ್ಷೆಯನ್ನೇ ತೆಗೆದು ವರ್ಷವಿಡೀ ಮಾಡಿದ ಕೆಲಸಕ್ಕೆ ಅಂಕ ಕೊಡಬಾರದೇಕೆ? ಇದಕ್ಕೆ ಉತ್ತರ ಹೇಳಲು ನನಗೆ ಸ್ವಲ್ಪ ನಾಚಿಕೆ.

ಈಗಲೂ ಪ್ರತಿ ವಿಷಯದಲ್ಲಿ 20 ಅಂಕ ನಮ್ಮ ಕೈಯಲ್ಲೇ ಇದೆ (ಪ್ರಥಮ ಭಾಷೆಗೆ 25). ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಚಟುವಟಿಕೆ, ಕಿರುಪರೀಕ್ಷೆ, ಎಲ್ಲ ಸೇರಿಸಿ 20ಕ್ಕೆ ಇಳಿಸುತ್ತೇವೆ. ಕೆಲವು ವರ್ಷದ ಹಿಂದೆ ನಮ್ಮ ಶಾಲೆಯ ಒಬ್ಬ ಹುಡುಗ ಚಟುವಟಿಕೆಗೆ ಅಂತ ತನ್ನ ದೊಡ್ಡಪ್ಪನ ಹೊಲದ ಕೃಷಿ ಹೊಂಡವನ್ನು ಅಳೆದು ತಂದ. ಅವರಪ್ಪ ಜೆಸಿಬಿ ಓಡಿಸುತ್ತಾರೆ. ಹೊಂಡ ಮೇಲೆ 15 ಮೀಟರ್ ಚೌಕ, ತಳ 9 ಮೀಟರ್ ಚೌಕ, ಆಳ 3 ಮೀಟರ್. ಇವನು ಸೂತ್ರದ ಗೋಜಿಗೇ ಹೋಗಿರಲಿಲ್ಲ. "ಮಧ್ಯದ ಅಳತೆ ಹಿಡಿಯೋದು ಸಾರ್, 12. ಹನ್ನೆರಡು ಹನ್ನೆರಡಲ ನೂರ ನಲವತ್ನಾಲ್ಕು, ಇಂಟು ಮೂರು, ನಾನೂರ ಮೂವತ್ತೆರಡು" ಅಂದ. ನಾನು ಸೂತ್ರ ಹಾಕಿ ನೋಡಿದೆ, 441 ಘನ ಮೀಟರ್ ಬಂತು. ಟ್ರ್ಯಾಕ್ಟರಿಗೆ ಮೂರು ಘನ ಮೀಟರ್ ಹಿಡಿದರೆ ಮೂರೇ ಮೂರು ಲೋಡಿನ ವ್ಯತ್ಯಾಸ. "ಆದ್ರೆ ಅಗೆದ ಮಣ್ಣು ಉಬ್ಬುತ್ತೆ ಸಾರ್, ಮೇಲೊಂದು ಮೂವತ್ತು ಲೋಡ್ ಹಿಡೀಬೇಕು" ಅಂತ ಬೇರೆ ಸೇರಿಸಿದ. ನಮ್ಮ ಪಾಠಪುಸ್ತಕಕ್ಕೆ ಆ ವಿಷಯ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಅವನಿಗೆ 20ಕ್ಕೆ 20 ಕೊಟ್ಟೆ. ಅದೇ ಪಟ್ಟಿಯಲ್ಲಿ, ಅಂಗಡಿಯಿಂದ ಚಾರ್ಟ್ ಕೊಂಡು ಹೆಸರು ಬರೆದು ತಂದವರಿಗೂ 19, 20 ಕೊಟ್ಟೆ. ಯಾಕೆ? ಫಲಿತಾಂಶ ಇಳಿದರೆ ಮುಖ್ಯ ಶಿಕ್ಷಕರಿಗೆ ನೋಟಿಸು ಬರುತ್ತದೆ, ಪಕ್ಕದ ಶಾಲೆಯವರು ಎಲ್ಲರಿಗೂ 20 ಹಾಕಿರುತ್ತಾರೆ, ನಮ್ಮ ಮಕ್ಕಳಷ್ಟೇ ಯಾಕೆ ಹಿಂದೆ ಬೀಳಬೇಕು ಅನ್ನುವ ಲೆಕ್ಕ. ಆ ಹುಡುಗನ 20 ನಿಜವಾದ 20, ಆದರೆ ಪಟ್ಟಿ ನೋಡಿದ ಯಾರಿಗೂ ಅದು ಗೊತ್ತಾಗುವಂತಿಲ್ಲ. ಲಿಖಿತ ಪರೀಕ್ಷೆಯಲ್ಲಿ ಅವನಿಗೆ ಬಂದದ್ದು 80ಕ್ಕೆ 17. ಆಗ ಕನಿಷ್ಠ 28 ಬೇಕಿತ್ತು.

ಸಿಬಿಎಸ್‌ಇಯವರು ನಿರಂತರ ಮೌಲ್ಯಮಾಪನ ತಂದು ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯನ್ನು ಕೆಲವು ವರ್ಷ ಐಚ್ಛಿಕ ಮಾಡಿದ್ದರು, 2018ರಲ್ಲಿ ಮತ್ತೆ ಕಡ್ಡಾಯವಾಯಿತು. ಕೊರೊನಾ ಕಾಲದಲ್ಲಿ, 2021ರಲ್ಲಿ, ನಮ್ಮಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಗಿ ಎಸ್ಸೆಸ್ಸೆಲ್ಸಿಯ ಶೇ. 45, ಪ್ರಥಮ ಪಿಯುಸಿಯ ಶೇ. 45, ಆಂತರಿಕ ಶೇ. 10 ಸೇರಿಸಿ ಫಲಿತಾಂಶ ಕೊಟ್ಟರು. ಮೇಷ್ಟ್ರು ಕೊಡುವ ಅಂಕಕ್ಕೆ ಉಳಿದದ್ದು ಹತ್ತೇ ಹತ್ತು, ಗಮನಿಸಿ. ಪರೀಕ್ಷೆ ಇಲ್ಲದ ವರ್ಷದಲ್ಲೂ ಹಳೆಯ ಪರೀಕ್ಷೆಗಳನ್ನೇ ನಂಬಿದರು. ನನ್ನಂಥವರು ಹಾಕಿದ 20ಗಳನ್ನು ನೋಡಿದವರು ಬೇರೇನು ಮಾಡಿಯಾರು? ಆ ಹೊಂಡದ ಹುಡುಗನ ಲೆಕ್ಕವನ್ನು ಬೇರೆ ಶಾಲೆಯ ಒಬ್ಬ ಮೇಷ್ಟ್ರು ಬಂದು ಕೂತು ಕೇಳಿ, ಅವರು ಅಂಕ ಹಾಕುವ ವ್ಯವಸ್ಥೆ ಇದ್ದಿದ್ದರೆ ಅದನ್ನು ನಂಬಬಹುದಿತ್ತು. ಸೈನ್ಸ್ ಪಿಯುಸಿಯ ಪ್ರಾಕ್ಟಿಕಲ್‌ಗೆ ಹೊರಗಿನವರು ಬರುವುದಿಲ್ಲವೇ, ಹಾಗೆ.

ಅಂಥದ್ದು ನಿಮ್ಮ ಮಗಳ ಕಾಲಕ್ಕೆ ಬರುವ ಲಕ್ಷಣ ನನಗಂತೂ ಕಾಣುತ್ತಿಲ್ಲ. ಹಾಗಾಗಿ ಇರುವುದರಲ್ಲೇ ದಾರಿ ನೋಡಿ. ಮನೆಯ ಆ ಮೂರು ಭಾನುವಾರದ ಕೆಲಸದಲ್ಲಿ ಬರವಣಿಗೆಯ ತೊಂದರೆ ಅಂತ ಅನಿಸಿದರೆ ಈ ವರ್ಷವೇ ನಿಮ್ಹಾನ್ಸ್‌ಗೋ ಮೈಸೂರಿಗೋ ಹೋಗಿ ತೋರಿಸಿ. ಎರಡು-ಮೂರು ಸಲ ಓಡಾಡಬೇಕಾಗುತ್ತದೆ, ಪ್ರಮಾಣಪತ್ರಕ್ಕೆ ತಿಂಗಳುಗಳೇ ಹಿಡಿಯಬಹುದು. ಹತ್ತನೇ ತರಗತಿಯ ಪರೀಕ್ಷೆ ಅರ್ಜಿ ತುಂಬುವಾಗ ಅದು ಶಾಲೆಯ ಕೈಯಲ್ಲಿರಬೇಕು. ಹಾಲ್ ಟಿಕೆಟ್ ಬಂದ ಮೇಲೆ ಸರ್ಟಿಫಿಕೇಟ್ ಹಿಡಿದು ಬರುವ ತಂದೆ-ತಾಯಿ ಪ್ರತಿ ವರ್ಷ ಒಬ್ಬಿಬ್ಬರು ಇದ್ದೇ ಇರುತ್ತಾರೆ, ಅಷ್ಟೊತ್ತಿಗೆ ನಮ್ಮ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ.

ಜೆಸಿಬಿಯವರ ಹುಡುಗ ಮೂರನೇ ಪರೀಕ್ಷೆಯಲ್ಲಿ 31 ತೆಗೆದು ಪಾಸಾದ. ಅಷ್ಟರಲ್ಲಿ ಪಿಯು ಕಾಲೇಜಿನಲ್ಲಿ ಪಾಠ ಎಷ್ಟೋ ಮುಂದೆ ಹೋಗಿತ್ತು, ಐಟಿಐಗೆ ಸೇರಿಕೊಂಡ.